ಪಟ್ಟಣದ ಆಡಳಿತದಲ್ಲಿ ರೈತರ ಸಲಹೆಗೂ ಜಾಗವಿರಲಿ

ಮಾನ್ಯರೇ,

ನಾನು ಹಾಸನ ಜಿಲ್ಲೆಯ ಪಟ್ಟಣವೊಂದರ ಅಂಚಿನಲ್ಲಿ ಎರಡೂವರೆ ಎಕರೆಯಲ್ಲಿ ಸೊಪ್ಪು, ಬೀನ್ಸ್, ಆಲೂಗಡ್ಡೆ ಬೆಳೆಯುವವನು. ನಮ್ಮ ಹಳ್ಳಿಯನ್ನು ಕೆಲವು ವರ್ಷಗಳ ಹಿಂದೆ ಗ್ರಾಮ ಪಂಚಾಯಿತಿಯಿಂದ ಬಿಡಿಸಿ ಪಟ್ಟಣದ ವ್ಯಾಪ್ತಿಗೆ ಸೇರಿಸಲಾಯಿತು. ಹೊಲ ಇದ್ದಲ್ಲೇ ಇದೆ, ಕೆರೆಯೂ ಇದ್ದಲ್ಲೇ ಇದೆ. ಬೇಸಾಯದ ಕಷ್ಟಸುಖವನ್ನು ಸ್ಥಳೀಯ ಆಡಳಿತದ ಮುಂದೆ ಹೇಳಿಕೊಳ್ಳಲು ನಮಗಿದ್ದ ಜಾಗ ಮಾತ್ರ ಹೋಯಿತು. ಮೊದಲು ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರುತ್ತಿತ್ತು. ಅಲ್ಲಿ ಗದ್ದಲವಿದ್ದರೂ, ಜನ ಸಾಲದೆ ಸಭೆ ಮುಂದಕ್ಕೆ ಹೋದರೂ, ಕೆರೆಯ ಹೂಳಿನ ಮಾತು, ಹೊಲದ ದಾರಿಯ ಮಾತು ಬಂದೇ ಬರುತ್ತಿತ್ತು ಮತ್ತು ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತಿತ್ತು. ಈಗ ವಾರ್ಡಿನ ಸದಸ್ಯರಿಗೆ ಬೀದಿದೀಪದ ಬಗ್ಗೆ ಹೇಳಿದರೆ ಅರ್ಥವಾಗುತ್ತದೆ. ತೂಬಿನ ಬಗ್ಗೆ ಹೇಳಿದರೆ ಕೃಷಿ ಇಲಾಖೆಗೆ ಹೋಗಿ ಎನ್ನುತ್ತಾರೆ.

ಇದು ಯಾವುದೋ ಒಬ್ಬ ಅಧಿಕಾರಿ ಬೇಕೆಂದು ಮಾಡಿದ್ದಲ್ಲ, ಕಾನೂನಿನ ರಚನೆಯಲ್ಲೇ ಇರುವ ಕೊರತೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯೊಂದಿಗೆ ಸೇರಿದ 11ನೇ ಅನುಸೂಚಿ ಪಂಚಾಯಿತಿಗಳಿಗೆಂದು 29 ವಿಷಯಗಳನ್ನು ಗುರುತಿಸಿದ್ದು, ಅವುಗಳಲ್ಲಿ ಮೊದಲನೆಯದೇ ಕೃಷಿ. ಅದೇ ವರ್ಷ ಜಾರಿಯಾದ 74ನೇ ತಿದ್ದುಪಡಿಯ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ 18 ವಿಷಯಗಳಿವೆ. ನಗರ ಯೋಜನೆ, ರಸ್ತೆ, ಕುಡಿಯುವ ನೀರು, ನೈರ್ಮಲ್ಯ, ಉದ್ಯಾನ, ಸ್ಮಶಾನ ಎಲ್ಲವೂ ಆ ಪಟ್ಟಿಯಲ್ಲಿವೆ, ದನದ ದೊಡ್ಡಿಯೂ ಇದೆ, ಕೃಷಿ ಇಲ್ಲ. ಒಂದು ಅಧಿಸೂಚನೆಯಿಂದ ಹಳ್ಳಿ ಪಟ್ಟಣವಾದ ದಿನ ಅಲ್ಲಿನ ಹೊಲಗದ್ದೆಗಳು ಸ್ಥಳೀಯ ಆಡಳಿತದ ಲೆಕ್ಕದಿಂದ ಹೊರಗೆ ಬೀಳುತ್ತವೆ. ಹಾಗೆಂದು ಪಟ್ಟಣದ ಕೆಲಸಗಳು ಹೊಲವನ್ನು ಮುಟ್ಟದೆ ಬಿಡುವುದಿಲ್ಲ. ಚರಂಡಿ ಹರಿಯುವುದು ನಮ್ಮ ಗದ್ದೆಯ ಕಡೆಗೆ, ಕಸ ಬಂದು ಬೀಳುವುದು ನಮ್ಮ ಹೊಲದ ಪಕ್ಕಕ್ಕೆ, ಬಡಾವಣೆ ಏಳುವುದು ಅಚ್ಚುಕಟ್ಟಿನ ಮೇಲೆ.

ಗೊಬ್ಬರದ ವಿಷಯವನ್ನೇ ನೋಡೋಣ. ಹಸಿ ಕಸವನ್ನು ಗೊಬ್ಬರ ಮಾಡಿ ರೈತರಿಗೆ ಕೊಡುವ ಯೋಜನೆ ಒಳ್ಳೆಯದು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ, ಏಕೆಂದರೆ ಮನೆಗಳಲ್ಲಿ ದನ ಕಡಿಮೆಯಾಗಿ ಕೊಟ್ಟಿಗೆ ಗೊಬ್ಬರ ಸಿಗುವುದೇ ಕಷ್ಟವಾಗಿದೆ. ಕಳೆದ ಏಪ್ರಿಲ್‌ನಲ್ಲಿ ಭೂಮಿ ಹದ ಮಾಡುವ ಮೊದಲು ನಾನೂ ಒಂದು ಟ್ರ್ಯಾಕ್ಟರ್ ಲೋಡು ತರಿಸಿದೆ. ಪಕ್ಕದ ಹೊಲದ ಹಿರಿಯರೊಬ್ಬರು ಬಂದು ರಾಶಿಯೊಳಗೆ ಮೊಣಕೈವರೆಗೆ ಕೈ ಇಟ್ಟು ತಕ್ಷಣ ಹೊರಗೆ ತೆಗೆದರು. ಒಳಗೆ ಬಿಸಿ ಇನ್ನೂ ಸುಡುವಂತಿತ್ತು. “ಇದಿನ್ನೂ ಕಳಿತಿಲ್ಲ ಕಣಪ್ಪ, ಈಗ ಹಾಕಿದರೆ ಪೈರು ಹಳದಿ ತಿರುಗುತ್ತೆ” ಎಂದರು. ಕಳಿಯದ ಗೊಬ್ಬರ ಮಣ್ಣಿನಲ್ಲಿದ್ದ ಸಾರಜನಕವನ್ನೇ ಎಳೆದುಕೊಳ್ಳುತ್ತದೆ ಎಂಬುದನ್ನು ಕೃಷಿ ವಿಜ್ಞಾನಿಗಳೂ ಹೇಳುತ್ತಾರೆ. ಆ ಹಿರಿಯರಿಗೆ ಅದು ಅಂಗೈಗೆ ಗೊತ್ತಿತ್ತು. ಆಮೇಲೆ ನಾವು ಎರಡು ಬುಟ್ಟಿ ಗೊಬ್ಬರವನ್ನು ಮರಳಿನ ಜರಡಿಯಲ್ಲಿ ಆಡಿಸಿದೆವು. ಗಾಜಿನ ಚೂರು, ಮಾತ್ರೆಯ ಹಾಳೆ, ಶಾಂಪೂ ಪೊಟ್ಟಣ ಸಿಕ್ಕವು. ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಹಾಲಿನ ಪ್ಯಾಕೆಟ್ಟಿನಿಂದ ಕತ್ತರಿಸಿ ಬಿಸಾಡಿದ ಬೆರಳುಗುರಿನಷ್ಟು ಅಗಲದ ಮೂಲೆಗಳು. ಪ್ಯಾಕೆಟ್ಟು ಒಣ ಕಸಕ್ಕೆ ಹೋಗುತ್ತದೆ, ಕತ್ತರಿಸಿದ ಮೂಲೆ ತರಕಾರಿ ಸಿಪ್ಪೆಯ ಜೊತೆ ಹಸಿ ಕಸಕ್ಕೆ ಬೀಳುತ್ತದೆ.

ಕಸವನ್ನು ಬೇರ್ಪಡಿಸಿ ಎಂದು 2016ರ ಘನತ್ಯಾಜ್ಯ ನಿಯಮಗಳು ಬಂದಾಗಿನಿಂದ ಆಟೋಗಳಲ್ಲಿ ಕೂಗಿಸುತ್ತಿದ್ದಾರೆ. ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಸೀಳಿ ಬಿಡಿ, ಅದು ಪ್ಯಾಕೆಟ್ಟಿಗೇ ಅಂಟಿಕೊಂಡಿರಲಿ ಎಂಬ ಒಂದು ವಾಕ್ಯವನ್ನು ಅದೇ ಧ್ವನಿಸುರುಳಿಗೆ ಸೇರಿಸಲು ಹಣವೇನೂ ಬೇಕಿಲ್ಲ. ಆದರೆ ಗೊಬ್ಬರವನ್ನು ಕೈಯಲ್ಲಿ ಹಿಡಿದು ಹೊಲಕ್ಕೆ ಎರಚುವವನಿಗಲ್ಲದೆ ಬೇರೆ ಯಾರಿಗೂ ಅದು ಹೊಳೆಯುವುದಿಲ್ಲ, ಮತ್ತು ಅವನನ್ನು ಈವರೆಗೆ ಯಾರೂ ಕೇಳಿಲ್ಲ.

ಇದಕ್ಕಿಂತ ಗಂಭೀರವಾದದ್ದು ಆಲೂಗಡ್ಡೆಯ ವಿಷಯ. ಜಲಂಧರದಿಂದ ಬಿತ್ತನೆ ಗೆಡ್ಡೆ ತಂದು, ಮುಂಗಾರಿನ ಮೊದಲ ಮಳೆಗೆ ಬಿತ್ತಿ, ಅಂಗಮಾರಿ ರೋಗಕ್ಕೆ ಬೆಳೆ ಕಳೆದುಕೊಂಡ ಅನುಭವ ಈ ಜಿಲ್ಲೆಯ ಎಷ್ಟೋ ಮನೆಗಳಿಗಿದೆ; ಆ ಕಾರಣದಿಂದಲೇ ಅನೇಕರು ಮುಸುಕಿನ ಜೋಳಕ್ಕೆ, ಶುಂಠಿಗೆ ಹೊರಳಿದರು. ಈ ರೋಗ ತರುವ ಶಿಲೀಂಧ್ರದಂಥ ಸೂಕ್ಷ್ಮಜೀವಿ, ರೋಗ ತಗುಲಿದ ಗೆಡ್ಡೆಯೊಳಗೆ ಉಳಿದುಕೊಂಡು, ಆ ಗೆಡ್ಡೆ ಮೊಳೆತಾಗ ಚಿಗುರಿಗೆ ಹತ್ತಿ, ಗಾಳಿ ಮಳೆಯಲ್ಲಿ ಸುತ್ತಲಿನ ಹೊಲಗಳಿಗೆ ಹರಡುತ್ತದೆ. ಮಾರುಕಟ್ಟೆಯಲ್ಲಿ ಆರಿಸಿ ಬಿಸಾಡಿದ ಕೊಳೆತ ಗೆಡ್ಡೆಗಳನ್ನು ಉಳಿದ ಕಸದೊಂದಿಗೆ ತಂದು ಬಯಲಿನಲ್ಲಿ ಸುರಿದರೆ ಏನಾಗುತ್ತದೆ ಎಂಬುದನ್ನು ನಾವು ನೋಡಿದ್ದೇವೆ. ಮೊದಲ ಮಳೆ ಬಿದ್ದ ಹತ್ತು ಹದಿನೈದು ದಿನಕ್ಕೆ ಕಸದ ರಾಶಿಯ ಮೇಲೆ ಹಸಿರು ಆಲೂಗಡ್ಡೆ ಗಿಡಗಳು ನಿಂತಿರುತ್ತವೆ, ಬೇಲಿಯ ಆಚೆ ನಮ್ಮ ಸಾಲುಗಳಿರುತ್ತವೆ. ಅಂಥ ಗೆಡ್ಡೆಯನ್ನು ಬೇರೆಯಾಗಿ ತಂದು ಆಳವಾದ ಗುಂಡಿಯಲ್ಲಿ ಹಾಕಿ ಮಣ್ಣು ಮುಚ್ಚಿದರೆ ಸಾಕು. ಜೆಸಿಬಿಯ ಅರ್ಧ ದಿನದ ಕೆಲಸ ಅದು. ಇದನ್ನು ಹೇಳಲು ನಾನು ಎರಡು ಸಲ ಕಚೇರಿಗೆ ಹೋದೆ. ಅರ್ಜಿ ಬರೆದುಕೊಡಿ ಎಂದರು, ಬರೆದುಕೊಟ್ಟೆ, ಟಪಾಲಿನ ಮೊಹರು ಬಿದ್ದ ನಕಲು ನನ್ನ ಬಳಿ ಇದೆ.

ನನ್ನ ತಕರಾರು ಇರುವುದು ಇಲ್ಲಿಯೇ. ರೈತನು ಸರ್ಕಾರಿ ಕಚೇರಿಯ ಬಾಗಿಲಿಗೆ ಬಂದರೆ ಅವನನ್ನು ಅರ್ಜಿದಾರ ಎಂದು ಮಾತ್ರ ನೋಡುವ ಅಭ್ಯಾಸ ಬೇರೂರಿದೆ. ಪರಿಹಾರ ಕೇಳಲು ಬಂದವನು, ಮನವಿ ಕೊಟ್ಟು ಫೋಟೊ ತೆಗೆಸಿಕೊಂಡು ಹೋಗುವವನು ಎಂದು ಭಾವಿಸಿದ ಮೇಲೆ ಅವನ ಬಳಿ ಇರುವ ತಿಳಿವಳಿಕೆ ಕಡತದೊಳಗೆ ಸೇರುವುದಿಲ್ಲ. ನಮ್ಮ ಭಾಗದಲ್ಲಿ ಚರಂಡಿ ಕಟ್ಟಿದಾಗ, ಕೋಡಿ ಬಿದ್ದರೆ ನೀರು ಎಲ್ಲಿಗೆ ನುಗ್ಗುತ್ತದೆ ಎಂಬುದನ್ನು ಹಿಂದೆ ಕೆರೆ ನೀರು ಬಿಡುವ ನೀರುಗಂಟಿಯಾಗಿದ್ದವರ ಮನೆಯವರು ಕಾಲಿನಲ್ಲಿ ಗೆರೆ ಎಳೆದು ತೋರಿಸಿದ್ದರು. ಗುತ್ತಿಗೆದಾರರು ನಕ್ಷೆಯಲ್ಲಿರುವಂತೆ ಕಟ್ಟಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೊಯ್ಲಿಗೆ ಬಂದಿದ್ದ ಬೀನ್ಸ್ ಸಾಲುಗಳಲ್ಲಿ ಮೊಣಕಾಲುದ್ದ ನೀರು ನಿಂತಿತು, ಮರುವರ್ಷ ಚರಂಡಿಯನ್ನು ಒಡೆದು ಮತ್ತೆ ಕಟ್ಟಿದರು. ಅದಕ್ಕೆ ಎರಡು ಸಲ ಖರ್ಚಾದದ್ದು ನಮ್ಮೆಲ್ಲರ ತೆರಿಗೆಯ ಹಣ.

ಬೀದಿ ವ್ಯಾಪಾರಿಗಳ ವಿಷಯದಲ್ಲಿ ಕಾನೂನು ಹೀಗೆ ಬಿಟ್ಟಿಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಾಗಿರಬೇಕು. ರೈತರಿಗೆ ಅಂಥ ಸಮಿತಿಯಿಲ್ಲ. ಆಯವ್ಯಯದ ಪೂರ್ವಭಾವಿ ಸಭೆಗೆ ಸಾರ್ವಜನಿಕರೆಲ್ಲ ಬರಬಹುದು ನಿಜ, ಆದರೆ ಅದು ಸೇರುವುದು ಸಾಮಾನ್ಯವಾಗಿ ರಾಗಿ ಒಕ್ಕಣೆಯ ದಿನಗಳಲ್ಲಿ, ಬೆಳಿಗ್ಗೆ ಹನ್ನೊಂದು ಗಂಟೆಗೆ. ಕಣ ಬಿಟ್ಟು ಯಾರು ಬರುತ್ತಾರೆ? ಪುರಸಭೆ, ನಗರಸಭೆಗಳಿಗೆ ಪೌರಾಡಳಿತದಲ್ಲಿ ವಿಶೇಷ ತಿಳಿವಳಿಕೆ ಅಥವಾ ಅನುಭವವುಳ್ಳವರನ್ನು ಮತದಾನದ ಹಕ್ಕಿಲ್ಲದೆ ನಾಮನಿರ್ದೇಶನ ಮಾಡಲು ಸಂವಿಧಾನವೇ ಅವಕಾಶ ಕೊಟ್ಟಿದೆ. ಸುತ್ತ ಹೊಲಗಳಿರುವ ಪಟ್ಟಣದಲ್ಲಿ ಅಂಥ ಸ್ಥಾನಗಳಲ್ಲೊಂದು ಬೇಸಾಯ ಬಲ್ಲವರಿಗೆ ಸಲ್ಲಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಷ್ಟು ದೂರದ ಮಾತು ಈಗಲೇ ಆಗದಿದ್ದರೂ, ವರ್ಷಕ್ಕೆ ಎರಡು ಸಭೆಗಳನ್ನು ಕರೆಯಲು ಯಾವ ತಿದ್ದುಪಡಿಯೂ ಬೇಡ. ಒಂದು ಮುಂಗಾರಿಗೆ ಮೊದಲು, ಯುಗಾದಿಯ ಆಸುಪಾಸಿನಲ್ಲಿ; ಇನ್ನೊಂದು ಆಯವ್ಯಯ ತಯಾರಾಗುವ ಮೊದಲು, ಒಕ್ಕಣೆ ಶುರುವಾಗುವ ಮುಂಚೆ. ಸಭೆ ಕಚೇರಿಯ ಸಭಾಂಗಣದಲ್ಲಿ ಬೇಡ, ಸಂಜೆಯ ಹೊತ್ತು ಹೊಸದಾಗಿ ಸೇರಿದ ಹಳ್ಳಿಗಳ ಅರಳಿಕಟ್ಟೆಯಲ್ಲಿ ನಡೆಯಲಿ. ಪರಿಸರ ಎಂಜಿನಿಯರ್, ಆರೋಗ್ಯ ನಿರೀಕ್ಷಕರು, ರೈತ ಸಂಪರ್ಕ ಕೇಂದ್ರದವರು ಬರಲಿ. ಕಂದಲಿಯ ಕೃಷಿ ವಿಜ್ಞಾನ ಕೇಂದ್ರದ ಅಥವಾ ಸೋಮನಹಳ್ಳಿ ಕಾವಲಿನ ಸಂಶೋಧನಾ ಕೇಂದ್ರದ ವಿಜ್ಞಾನಿಯೊಬ್ಬರನ್ನು ಕರೆಸಿದರೆ ನಾವು ಹೇಳುವುದರಲ್ಲಿ ಸರಿ ಯಾವುದು, ತಪ್ಪು ಯಾವುದು ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ. ಕಳೆ ಕೀಳುವವರೂ, ಸೊಪ್ಪಿನ ಕಟ್ಟು ಕಟ್ಟಿ ನಸುಕಿನಲ್ಲೇ ಸಂತೆಗೆ ಒಯ್ಯುವವರೂ ಹೆಚ್ಚಾಗಿ ಹೆಣ್ಣುಮಕ್ಕಳೇ ಆಗಿರುವುದರಿಂದ ಅವರನ್ನು ಹೆಸರು ಹಿಡಿದು ಕರೆಯಬೇಕು. ಪ್ರತಿ ಸಲಹೆಯ ಎದುರಿಗೆ ಆಗುತ್ತದೆಯೋ ಇಲ್ಲವೋ, ಆಗದಿದ್ದರೆ ಏಕೆ ಎಂಬ ಉತ್ತರವನ್ನು ಬರೆದು ಒಂದು ತಿಂಗಳೊಳಗೆ ಸೂಚನಾ ಫಲಕಕ್ಕೆ ಹಾಕಬೇಕು. ಕೆರೆ ನೀರಿನ ಹಂಚಿಕೆಯಂತೆ ಪಟ್ಟಣ ಮತ್ತು ಪಂಚಾಯಿತಿ ಎರಡಕ್ಕೂ ಸೇರಿದ ವಿಷಯಗಳಿದ್ದರೆ, ಅದಕ್ಕೆಂದೇ ಸಂವಿಧಾನ ರೂಪಿಸಿರುವ ಜಿಲ್ಲಾ ಯೋಜನಾ ಸಮಿತಿಗೆ ಕಳುಹಿಸಬಹುದು.

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಔಷಧಿ ಬಾಟಲಿಯನ್ನು ಕಾಲುವೆಗೆ ಎಸೆಯುವವರು ನಮ್ಮಲ್ಲೇ ಇದ್ದಾರೆ, ರಾಜಕಾಲುವೆಯ ಬದಿಯನ್ನು ವರ್ಷಕ್ಕೊಂದು ಸಾಲಿನಂತೆ ಒತ್ತಿಕೊಂಡು ಬಂದವರೂ ಇದ್ದಾರೆ. ಅಂಥ ಸಭೆಯಲ್ಲಿ ಅಧಿಕಾರಿಗಳು ಆ ಪ್ರಶ್ನೆಯನ್ನು ನಮಗೆ ನೇರವಾಗಿ ಕೇಳಲಿ, ಉತ್ತರ ಕೊಡಲು ನಾವು ಸಿದ್ಧರಿರಬೇಕು.

ಜರಡಿಯಲ್ಲಿ ಸಿಕ್ಕ ಚೂರುಗಳನ್ನು ನಾನು ಒಂದು ಗೊಬ್ಬರದ ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಬರುವ ಯುಗಾದಿಯ ಹೊತ್ತಿಗೆ ಇಂಥದ್ದೊಂದು ಸಭೆ ಕರೆದರೆ ಆ ಚೀಲವನ್ನೂ ಆ ಜರಡಿಯನ್ನೂ ತರುತ್ತೇನೆ. ಪೌರಕಾರ್ಮಿಕರೂ ನಾವೂ ಒಟ್ಟಿಗೆ ಕೂತು, ಯಾವ ಚೂರು ಯಾವ ಹಂತದಲ್ಲಿ ಹಸಿ ಕಸಕ್ಕೆ ಸೇರಿತು ಎಂದು ನೋಡಬಹುದು.

ತಮ್ಮ ವಿಶ್ವಾಸಿ,
ತರಕಾರಿ ಬೆಳೆಗಾರ, ಹಾಸನ ಜಿಲ್ಲೆ