ಬೆಳಕು ಮೀನುಗಾರಿಕೆ: ತಪಾಸಣೆ ದಕ್ಕೆಯಲ್ಲೇ ನಡೆಯಲಿ

ಮಾನ್ಯ ಸಂಪಾದಕರೇ,

ಜುಲೈ 31ಕ್ಕೆ ಯಾಂತ್ರೀಕೃತ ಮೀನುಗಾರಿಕೆಯ ಮೇಲಿನ 61 ದಿನಗಳ ಮಳೆಗಾಲದ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿಯುತ್ತಿದ್ದಂತೆ ಬೆಳಕು ಮೀನುಗಾರಿಕೆ ಮತ್ತು ಬುಲ್ ಟ್ರಾಲ್ (ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವುದು) ಕುರಿತ ತಕರಾರು ನಮ್ಮ ಕರಾವಳಿಯಲ್ಲಿ ಪ್ರತಿವರ್ಷವೂ ತಲೆಯೆತ್ತುತ್ತದೆ. ನಾಡದೋಣಿಯವರು ಮನವಿ ಸಲ್ಲಿಸುತ್ತಾರೆ, ಅಧಿಕಾರಿಗಳು ಕ್ರಮದ ಭರವಸೆ ಕೊಡುತ್ತಾರೆ, ಅಲ್ಲಿಗೆ ಆ ವರ್ಷದ ಮಾತು ಮುಗಿಯುತ್ತದೆ. ಕೃತಕ ದೀಪ ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ. ರಾಜ್ಯದ ಕೈಯಲ್ಲಿ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಿದೆ. ಕಾನೂನಿಲ್ಲವೆಂದು ಯಾರೂ ಹೇಳುವಂತಿಲ್ಲ.

ಹಾಗೆಂದು ಬೋಟಿನ ಮಾಲೀಕರನ್ನಷ್ಟೇ ದೂರುವುದು ಸರಿಯಲ್ಲ. ಸಾಲ ಮಾಡಿ ಬೋಟು ಕಟ್ಟಿಸಿದವನಿಗೆ, ತಾನು ಬಿಟ್ಟುಬಂದ ಮರಿಮೀನು ನಾಳೆ ಪಕ್ಕದ ಬೋಟಿನ ಬಲೆಗೆ ಬೀಳುತ್ತದೆಂಬುದು ಚೆನ್ನಾಗಿ ಗೊತ್ತು. ಎಲ್ಲರಿಗೂ ಸೇರಿದ ಹುಲ್ಲುಗಾವಲು ಹೀಗೆಯೇ ಹಾಳಾಗುತ್ತದೆಂದು ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದರು. ಆದರೆ ಬಳಸುವವರೇ ಕಟ್ಟಳೆ ಮಾಡಿಕೊಂಡು ಇಂಥ ಸಂಪತ್ತನ್ನು ತಲೆಮಾರುಗಳ ಕಾಲ ಉಳಿಸಿಕೊಂಡ ಉದಾಹರಣೆಗಳನ್ನು ಅಲ್ಲಿಯದೇ ರಾಜಕೀಯ ವಿಜ್ಞಾನಿ ಎಲಿನೋರ್ ಆಸ್ಟ್ರಂ ಹಲವು ದೇಶಗಳಿಂದ ಕಲೆಹಾಕಿ ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಸಂದಿತು. ನಮಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ದೋಣಿಯಲ್ಲಿ ಬಲೆ ಒಯ್ದು ಕಡಲಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡೂ ತುದಿಯ ಹಗ್ಗ ಹಿಡಿದು ಹತ್ತಾರು ಮಂದಿ ದಡದಿಂದ ಎಳೆಯುತ್ತಿದ್ದ ರಂಪಣಿಯಲ್ಲಿ ಬಲೆಗೊಂದು, ದೋಣಿಗೊಂದು, ಎಳೆದವರಿಗೊಂದು ಎಂದು ಪಾಲು ಗೊತ್ತಾಗಿರುತ್ತಿತ್ತು. ದಡದ ಹತ್ತಿರ ಬಂದ ಬೂತಾಯಿ, ಬಂಗುಡೆಯ ಹಿಂಡಷ್ಟೇ ಬಲೆಗೆ ಸಿಗುತ್ತಿತ್ತು. 1970ರ ದಶಕದ ಮಧ್ಯದಲ್ಲಿ ದೊಡ್ಡ ಸುತ್ತುಬಲೆಯ ಪರ್ಸೀನ್ ಬೋಟುಗಳು ಬಂದು ಆ ಹಿಂಡನ್ನು ದಡ ತಲುಪುವ ಮೊದಲೇ ಸುತ್ತುವರಿಯತೊಡಗಿದ ಮೇಲೆ ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ನಿಂತುಹೋದವು. ರಂಪಣಿ ಮರಳಿ ಬರಲೆಂದು ನಾನು ಕೇಳುತ್ತಿಲ್ಲ, ಅದು ಬರುವುದೂ ಇಲ್ಲ.

ನನ್ನ ಅಹವಾಲು ತಪಾಸಣೆಯ ಜಾಗದ ಕುರಿತು. ಕತ್ತಲಲ್ಲಿ, ಹತ್ತಾರು ಮೈಲಿ ದೂರದ ನೀರಿನಲ್ಲಿ ದೀಪ ಹಾಕಿದವರನ್ನು ಬೆನ್ನಟ್ಟಲು ಇಲಾಖೆಗೆ ಬೋಟೂ ಸಾಲದು, ಸಿಬ್ಬಂದಿಯೂ ಸಾಲದು. ಆದರೆ ಆ ದೀಪಗಳ ಸಾಲು, ಅವನ್ನು ಉರಿಸುವ ಭಾರಿ ಜನರೇಟರ್ ಎರಡೂ ಬಂದರಿನಲ್ಲಿ ಹಾಡಹಗಲೇ ಕಣ್ಣಿಗೆ ಬೀಳುತ್ತವೆ. ಬೆರಳುದ್ದದ ಬಂಗುಡೆ ತುಂಬಿದ ಬುಟ್ಟಿಗಳು ದಕ್ಕೆಯಲ್ಲೇ ಇಳಿದು, ಯಾರ ಊಟಕ್ಕೂ ಆಗದೆ, ಮೀನಿನ ಪುಡಿ, ಎಣ್ಣೆ ಮಾಡುವ ಫಿಶ್‌ಮಿಲ್‌ಗೆ ಹೋಗುವ ಲಾರಿ ಏರುತ್ತವೆ. ಕೊಳ್ಳುವವರಿರುವ ತನಕ ಮರಿಮೀನು ಹಿಡಿಯುವವರೂ ಇರುತ್ತಾರೆ. ಕೇರಳ ಬೂತಾಯಿಗೆ 10 ಸೆಂ.ಮೀ. ಕನಿಷ್ಠ ಗಾತ್ರ ಗೊತ್ತುಮಾಡಿದೆ. ದಕ್ಕೆಯಲ್ಲಿ ಅಳತೆಪಟ್ಟಿ ಹಿಡಿದು ನಿಂತ ಒಬ್ಬ ಸಿಬ್ಬಂದಿಯೂ ಇಂಥ ನಿಯಮವನ್ನು ಜಾರಿ ಮಾಡಬಲ್ಲ.

ಕಡಲಿಗೆ ಹೊರಡುವ ಮೊದಲೇ ಬೋಟುಗಳಿಂದ ದೀಪ, ಜನರೇಟರ್ ಇಳಿಸಬೇಕು. ಫಿಶ್‌ಮಿಲ್‌ಗಳು ಕೊಳ್ಳುವ ಮೀನಿನ ಗಾತ್ರ ಮತ್ತು ತೂಕದ ಲೆಕ್ಕ ಇಲಾಖೆಗೆ ಪ್ರತಿ ತಿಂಗಳು ಸಲ್ಲಿಕೆಯಾಗಬೇಕು. ಎರಡನೇ ಸಲ ಸಿಕ್ಕಿಬಿದ್ದ ಬೋಟಿಗೆ ಆ ಋತುವಿನ ಕರರಹಿತ ಡೀಸೆಲ್ ನಿಲ್ಲಬೇಕು; ಸಣ್ಣಪುಟ್ಟ ದಂಡವನ್ನು ಒಂದು ರಾತ್ರಿಯ ಮೀನು ಮಾರಿ ಕಟ್ಟಿಬಿಡಬಹುದು, ಡೀಸೆಲ್ ರಿಯಾಯಿತಿ ತಪ್ಪಿದರೆ ಹಾಗಲ್ಲ. ಮುಂದಿನ ಆಗಸ್ಟ್‌ಗೆ ಮೊದಲು ಮೀನುಗಾರಿಕಾ ಇಲಾಖೆ ಈ ಬಗ್ಗೆ ಆದೇಶ ಹೊರಡಿಸಬೇಕೆಂದು ವಿನಂತಿ.

– ಓದುಗ, ಉಡುಪಿ ಜಿಲ್ಲೆ