ಹಲ್ಲು ತೇಯಿಸುವ ಮುನ್ನ ಒಮ್ಮೆ ಮೈಸೂರಿಗೆ ಬಾ

ಗೆಳೆಯ,

ನಿನ್ನ ಸಂದೇಶ ಓದಿದೆ. ಮಗಳ ಮದುವೆಯೊಳಗೆ ಮುಂದಿನ ಎಂಟು ಹಲ್ಲನ್ನೂ ತೇಯಿಸಿ, ಮೇಲೆ ಕ್ಯಾಪ್ ಎಂಬ ಕವಚ ಹಾಕಿಸಿಕೊಳ್ಳುವ ಯೋಚನೆ, ಒಂದೇ ವಾರದಲ್ಲಿ ಮುಗಿಸಿಕೊಡುತ್ತಾರಂತೆ, ಮುಂಗಡ ಕೇಳಿದ್ದಾರೆ ಎಂದು ಬರೆದಿದ್ದೀಯ. ಮುಂಗಡ ಕೊಟ್ಟಿಲ್ಲವಾದರೆ ಕೊಡಬೇಡ. ಕೊಟ್ಟಿದ್ದರೂ ಹಲ್ಲು ಮಾತ್ರ ಕೊಡಬೇಡ.

ನನ್ನ ಕಥೆ ನಿನಗೆ ಅರ್ಧವೇ ಗೊತ್ತು. ಸಂಕ್ರಾಂತಿಯ ದಿನ, ಮಂಡ್ಯದವನು ಕಬ್ಬಿಗೆ ಚಾಕು ಹಿಡಿಯುವುದುಂಟೇ ಎಂಬ ಜಂಬದಲ್ಲಿ ಹಲ್ಲಿನಿಂದ ಸಿಗಿಯಲು ಹೋಗಿ ಬಾಚಿಹಲ್ಲು ಮುರಿದುಕೊಂಡೆ. ಎಲ್ಲರಿಗಿಂತ ಹೆಚ್ಚು ನಕ್ಕವನು ನೀನೇ. ಆಮೇಲೆ, ಮನೆಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಒಂದು ಕ್ಲಿನಿಕ್ಕಿಗೆ ಹೋದೆ. ಲೋಹದ ಮೇಲೆ ಪಿಂಗಾಣಿ ಹೊದಿಸಿದ ಕ್ಯಾಪ್ ಹಾಕಿದರು. ಬಣ್ಣ ಹೊಂದಿಸಿದ್ದು ರಾತ್ರಿ ಎಂಟು ಗಂಟೆಗೆ, ಟ್ಯೂಬ್‌ಲೈಟಿನ ಕೆಳಗೆ, ಅದೂ ಹಲ್ಲುಗಳಿಗೆ ಗಾಳಿ ಊದಿ ಒಣಗಿಸಿದ ಮೇಲೆ. ಒಣಗಿದ ಹಲ್ಲು ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆಂದು ನನಗೇನು ಗೊತ್ತು? ಹಳೆಯ ಮನೆಗಳ ಸಾಲಿನಲ್ಲಿ ಒಂದಕ್ಕೆ ಮಾತ್ರ ಸುಣ್ಣ ಹೊಡೆದ ಹಾಗಾಯಿತು ನನ್ನ ಬಾಯಿ. ಕೆಲವು ತಿಂಗಳಲ್ಲಿ ವಸಡು ತುಸು ಮೇಲೆ ಸರಿದು, ಅಂಚಿನಲ್ಲಿ ಒಳಗಿನ ಲೋಹದ ಬೂದು ಗೆರೆ ಇಣುಕಿತು. ಎರಡು ವರ್ಷ ಗ್ರೂಪ್ ಫೋಟೊಗಳಲ್ಲಿ ತುಟಿ ಬಿಗಿದೇ ನಿಂತೆ. ನೀನು ಅದನ್ನು ಗಾಂಭೀರ್ಯ ಎಂದುಕೊಂಡಿದ್ದೆ.

ಇಲ್ಲಿ ಮೈಸೂರಿಗೆ ಬಂದ ಮೇಲೆ ಮೂವರನ್ನು ಕಂಡೆ. ‘ಕಾಸ್ಮೆಟಿಕ್ ಡೆಂಟಿಸ್ಟ್’ ಎಂಬುದೊಂದು ಪದವಿ ಎಂದೇ ನಾನು ನಂಬಿದ್ದೆ. ದಂತವೈದ್ಯರ ಮೊದಲ ಪದವಿ ಬಿಡಿಎಸ್ ಆದ ಮೇಲೆ ಮೂರು ವರ್ಷದ ಸ್ನಾತಕೋತ್ತರ ಎಂಡಿಎಸ್ ಇದೆಯಲ್ಲ, ಅದರ ವಿಭಾಗಗಳಲ್ಲಿ ಆ ಹೆಸರೇ ಇಲ್ಲ. ಕ್ಯಾಪ್, ಬ್ರಿಜ್, ಹಲ್ಲುಸೆಟ್ಟು ಪ್ರಾಸ್ಥೊಡಾಂಟಿಕ್ಸ್ ಓದಿದವರ ಕೆಲಸ. ರೂಟ್ ಕೆನಾಲ್ ಮಾಡುವವರು, ಸಾಲು ನೆಟ್ಟಗೆ ಮಾಡುವವರು ಬೇರೆ. ಬಿಡಿಎಸ್ ಮಾತ್ರ ಓದಿ ಕೈ ಪಳಗಿದವರೂ ಇದ್ದಾರೆ, ಹಾಗಾಗಿ ಬೋರ್ಡು ಓದಿ ಸುಮ್ಮನಾಗದೆ ಅವರೇ ಮಾಡಿದ ಕೆಲಸದ ಫೋಟೊ ಕೇಳು. ಕ್ಯಾಪ್ ಹಾಕಿದ ದಿನದ ಫೋಟೊದಲ್ಲಿ ಎಲ್ಲವೂ ಚೆಂದವೇ. ಎರಡು ಮೂರು ವರ್ಷ ಕಳೆದದ್ದನ್ನು ತೋರಿಸಲಿ.

ಮೊದಲನೆಯವರು ನಾನು ಬಾಯಿ ತೆರೆಯುವ ಮುನ್ನವೇ ಹತ್ತು ಹಲ್ಲಿನ ಲೆಕ್ಕ ಒಪ್ಪಿಸಿದರು. ಎರಡನೆಯವರಿಗೆ ಫೋನಿನಿಂದ ಬಿಡುವಿರಲಿಲ್ಲ. ಮೂರನೆಯ ಡಾಕ್ಟರಮ್ಮ ಮೊದಲು ಕೇಳಿದ್ದು, ಹಲ್ಲು ಮುರಿಯುವುದಕ್ಕೆ ಮುಂಚಿನ ಫೋಟೊ ಇದೆಯೇ ಎಂದು. ನೀಲಿ ಕಾಗದ ಕಚ್ಚಿಸಿ ಮೇಲಿನ ಹಲ್ಲು ಕೆಳಗಿನದಕ್ಕೆ ಎಲ್ಲಿ ತಾಗುತ್ತದೆಂದು ನೋಡಿದರು. ಕ್ಲೀನಿಂಗ್ ಮಾಡಿ, ವಸಡು ವಾಸಿಯಾಗಲಿ ಎಂದು ಎರಡು ವಾರ ಕಾಯಿಸಿದರು. ಮತ್ತೆ ಬೆಳಗಿನ ಹನ್ನೊಂದಕ್ಕೆ ಕರೆದು, ಕಿಟಕಿಯ ಪಕ್ಕ ಕೂರಿಸಿ, 16 ಛಾಯೆಗಳ ಪಟ್ಟಿಯಿಂದ ಒಂದೊಂದೇ ಮಾದರಿ ಹಲ್ಲನ್ನು ನನ್ನ ಹಲ್ಲಿನ ಪಕ್ಕ ಹಿಡಿಯುತ್ತಾ, “ನಾಲಿಗೆ ಆಡಿಸಿ, ಒದ್ದೆ ಇರಲಿ” ಎಂದರು. ಬುಡಕ್ಕೆ ತುಸು ಹಳದಿ, ತುದಿಗೆ ಬೇರೆ ಛಾಯೆ ಎಂದು ಬರೆದುಕೊಂಡರು. ಲ್ಯಾಬಿನಿಂದ ಬಂದ, ಒಳಗೆ ಲೋಹವಿಲ್ಲದ ಜಿರ್ಕೋನಿಯಾ ಕ್ಯಾಪನ್ನು ಅಂಟಿಸದೆ ಸುಮ್ಮನೆ ಕೂರಿಸಿ ಕೈಗೆ ಕನ್ನಡಿ ಕೊಟ್ಟರು. ತುಸು ಉದ್ದವಾಯಿತು ಎಂದೆ. ಮುಖ ಸಿಂಡರಿಸದೆ ವಾಪಸು ಕಳುಹಿಸಿದರು. ನಾನು ಅವರನ್ನು ನಂಬಿದ್ದು ಆ ಕ್ಷಣದಲ್ಲಿ.

ನಿನ್ನ ಹಲ್ಲುಗಳನ್ನು ನಾನು ಕಾಣದವನೇ? ಎರಡು ಬಿಟ್ಟರೆ ಉಳಿದವಕ್ಕೆ ಇರುವುದು ಎಲೆಅಡಿಕೆಯ ಕರೆ. ಅದಕ್ಕೆ ಕ್ಲೀನಿಂಗೇ ಸಾಕಾದೀತು. ಕ್ಯಾಪ್ ಹಾಕಲು ಸುತ್ತಲೂ ಒಂದರಿಂದ ಒಂದೂವರೆ ಮಿಲಿಮೀಟರ್ ತೇಯುತ್ತಾರೆ, ಹೋದ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಮತ್ತೆ ಬೆಳೆಯುವುದಿಲ್ಲ. ಉಳಿದ ಹಲ್ಲು ಬಿಳಿ ಮಾಡಿಸುವುದಿದ್ದರೆ ಕ್ಯಾಪಿಗಿಂತ ಮೊದಲೇ ಮಾಡಿಸು. ಪಿಂಗಾಣಿಗೆ ಬ್ಲೀಚ್ ಹತ್ತುವುದಿಲ್ಲ. ಮೇಣದಲ್ಲಿ ಮಾದರಿ ಮಾಡಿ, ತೇಯುವ ಮೊದಲೇ ಹೇಗೆ ಕಾಣುತ್ತದೆಂದು ಬಾಯಲ್ಲಿ ತೋರಿಸುತ್ತೀರಾ ಎಂದು ಕೇಳು. “ಅದೆಲ್ಲ ಬೇಕಿಲ್ಲ” ಎಂದವರಿಗೆ ನಮಸ್ಕಾರ ಹೇಳಿ ಎದ್ದು ಬಾ.

ಖರ್ಚಿನ ಚಿಂತೆಯಾದರೆ ಇಲ್ಲಿ ಜೆಎಸ್‌ಎಸ್, ಫಾರೂಕಿಯಾ ದಂತ ಕಾಲೇಜುಗಳಿವೆ. ಕಾಲೇಜೆಂದ ಮೇಲೆ ನಾಲ್ಕು ಸಲ ಹೆಚ್ಚು ಓಡಾಡಬೇಕು, ಅಷ್ಟೇ.

ಶನಿವಾರ ಬೆಳಗಿನ ರೈಲು ಹತ್ತು, ನಾನು ಸ್ಟೇಷನ್ನಿಗೆ ಬರುತ್ತೇನೆ. ಬರುವಾಗ ನಿನ್ನ ಮದುವೆಯ ಆಲ್ಬಮ್ ತಾ. ಧಾರೆಯ ಫೋಟೊದಲ್ಲಿ ಮೂವತ್ತೆರಡೂ ಕಾಣುವಂತೆ ನಕ್ಕಿದ್ದೀಯಲ್ಲ, ಡಾಕ್ಟರಮ್ಮನಿಗೆ ಅದೇ ಬೇಕು.

ನಿನ್ನ,
ಕಬ್ಬು ಬಿಟ್ಟವನು