ಅಪ್ಪಾಜಿಗೊಂದು ಶಲ್ಯ ತೆಗೆದಿಟ್ಟಿದ್ದೇನೆ

ಪ್ರೀತಿಯ ಗೆಳೆಯಾ,

ಮೇ ತಿಂಗಳಲ್ಲಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಕೊಲ್ಲೂರು, ಉಡುಪಿ, ಹೊರನಾಡು, ಧರ್ಮಸ್ಥಳ ನೋಡಿಕೊಂಡು ಬರುತ್ತೇವೆ ಅಂತ ಬರೆದಿದ್ದೀಯ. ತುಂಬ ಖುಷಿಯಾಯಿತು. ಆದರೆ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀಯಲ್ಲ, ‘ಅಪ್ಪಾಜಿ ಮಾತ್ರ ಹೊರಗೇ ಕೂರುತ್ತಾರಂತೆ, ಅಂಗಿ ತೆಗೆಯಲು ಮುಜುಗರವಂತೆ’ ಅಂತ. ಎರಡು ದಿನದಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ಅದಕ್ಕೇ ಈ ಪತ್ರ.

ಅವರ ಮುಜುಗರ ನನಗೆ ಅರ್ಥವಾಗುತ್ತದೆ. ಬೈಪಾಸ್ ಆದವರ ಎದೆಯ ಮೇಲಿನ ಆ ಉದ್ದ ಗಾಯದ ಗುರುತನ್ನು ನೂರಾರು ಜನರ ಸಾಲಿನಲ್ಲಿ ತೋರಿಸಿಕೊಂಡು ನಿಲ್ಲುವುದು ಸುಲಭ ಅಲ್ಲ. ನಮ್ಮ ಕಡೆಯ ದೇವಸ್ಥಾನಗಳಲ್ಲಿ ಗಂಡಸರು ಅಂಗಿ, ಬನಿಯನ್ ತೆಗೆದು ಒಳಗೆ ಹೋಗುವುದು ಹಿಂದಿನಿಂದ ಬಂದ ಕ್ರಮ. ಆದರೆ ಮೈ ಬಿಟ್ಟುಕೊಂಡೇ ನಿಲ್ಲಬೇಕು ಅಂತ ಇಲ್ಲ ಮಾರಾಯ. ಹೊರನಾಡಿನ ಅನ್ನಪೂರ್ಣೇಶ್ವರಿ ಸನ್ನಿಧಿಯಲ್ಲಿ ಅಂಗಿ ತೆಗೆದ ಮೇಲೆ ಶಲ್ಯವನ್ನೋ ಟವೆಲನ್ನೋ ಹೊದೆಯುವುದೇ ರೂಢಿ. ಉಳಿದ ಕಡೆಯೂ ಹೆಗಲ ಮೇಲೆ ಶಲ್ಯ ಹಾಕಿಕೊಂಡು ನಿಂತ ಹಿರಿಯರನ್ನು ಬೇಕಾದಷ್ಟು ನೋಡಿದ್ದೇನೆ. ಅಗಲವಾದ ಹತ್ತಿ ಶಲ್ಯ ತೆಗೆದುಕೋ. ಎರಡೂ ಹೆಗಲು ಮುಚ್ಚಿ, ತುದಿಗಳನ್ನು ಎದೆಯ ಮೇಲೆ ಒಂದರ ಮೇಲೊಂದು ಇಳಿಬಿಟ್ಟರೆ ಗುರುತು ಕಾಣುವುದೇ ಇಲ್ಲ. ರೇಷ್ಮೆಯದು ಬೇಡ, ಜಾರುತ್ತದೆ. ಉಡುಪಿಯಲ್ಲಿ ಕೃಷ್ಣನನ್ನು ನೋಡುವುದು ಒಂಬತ್ತು ತೂತಿನ ನವಗ್ರಹ ಕಿಂಡಿಯಿಂದ ಅಲ್ವಾ? ಅಲ್ಲಿ ಬಗ್ಗಿ ಕಣ್ಣಿಟ್ಟಾಗ ಹಿಂದಿನವರು ಒತ್ತುತ್ತಿರುತ್ತಾರೆ. ಆಗ ಶಲ್ಯ ಹಿಡಿದುಕೊಳ್ಳುವುದೇ ಕೆಲಸವಾದರೆ ದೇವರು ಕಾಣುವುದೆಲ್ಲಿ?

ಇನ್ನು ಪಂಚೆ. ನೀನು ಉಟ್ಟು ಎಷ್ಟು ವರ್ಷವಾಯಿತೋ! ಅಂಗಡಿಯಿಂದ ತಂದ ಹೊಸ ಪಂಚೆಯನ್ನು ಹಾಗೇ ಉಡಬೇಡ. ಗಂಜಿಗೆ ಬಟ್ಟೆ ಬಿರುಸಾಗಿರುತ್ತದೆ, ಸೊಂಟದಲ್ಲಿ ನಿಲ್ಲುವುದಿಲ್ಲ. ಎರಡು ಸಲ ಒಗೆದು ಮೆತ್ತಗೆ ಮಾಡಿಕೋ. ಒಳಗೆ ಜೇಬಿರುವ ಚಡ್ಡಿ ಹಾಕಿಕೊಂಡರೆ ದುಡ್ಡು, ಕಾರಿನ ಕೀ ಇಡಲು ಪರದಾಟವಿಲ್ಲ. ಕಟ್ಟಲು ಬಾರದಿದ್ದರೆ ವೆಲ್ಕ್ರೋ ಪಂಚೆ ತಗೋ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಮೇ ಕೊನೆಗೆ ಮಳೆ ಶುರುವಾದರೆ ತೆಳು ಬಿಳಿ ಬಟ್ಟೆ ಒದ್ದೆಯಾಗಿ ಮೈಗೆ ಅಂಟುತ್ತದೆ. ಸ್ವಲ್ಪ ದಪ್ಪದ್ದೇ ಇರಲಿ, ಚೀಲದಲ್ಲಿ ಇನ್ನೊಂದಿರಲಿ. ಉಡುಪಿಯಲ್ಲಿ ಊಟಕ್ಕೆ ನೆಲದ ಮೇಲೆ ಕೂರಬೇಕು. ಬಿಗಿ ಜೀನ್ಸ್ ಹಾಕಿದವರ ಕಷ್ಟ ಅಲ್ಲಿ ನೋಡಬೇಕು.

ಅಮ್ಮನಿಗೆ ಹೇಳು, ಹೊಸ ರೇಷ್ಮೆ ಸೀರೆ ಬೇಡ. ಕರಾವಳಿಯ ಸೆಕೆಯಲ್ಲಿ ತಾಸುಗಟ್ಟಲೆ ಸಾಲಿನಲ್ಲಿ ನಿಂತರೆ ಆ ಭಾರಕ್ಕೇ ಸುಸ್ತಾಗುತ್ತದೆ. ಒಗೆದು ಮೆತ್ತಗಾದ ಇಳಕಲ್ ಸೀರೆಯೇ ಸಾಕು. ಮಗಳಿಗೆ ಚೂಡಿದಾರ್, ವೇಲ್ ಸಾಕು. ತಿರುವನಂತಪುರದ ಪದ್ಮನಾಭಸ್ವಾಮಿ ದೇವಸ್ಥಾನಕ್ಕೂ ಹೋಗುವುದಾದರೆ ಒಂದು ಮಾತು. ಅಲ್ಲಿ ಚೂಡಿದಾರ್ ಮೇಲೆ ಮುಂಡು, ಅಂದರೆ ಕೇರಳದ ಪಂಚೆ, ಸುತ್ತಿಕೊಳ್ಳಬೇಕು. 2016ರಲ್ಲಿ ಚೂಡಿದಾರ್ ಹಾಕಿದವರನ್ನು ಹಾಗೇ ಒಳಗೆ ಬಿಡುತ್ತೇವೆ ಅಂತ ಆದೇಶ ಆಗಿತ್ತು, ಕೆಲವೇ ದಿನಗಳಲ್ಲಿ ಹೈಕೋರ್ಟ್ ಅದನ್ನು ತಡೆಯಿತು. ಅವಳಿಗೆ ಇದನ್ನು ಮನೆಯಲ್ಲೇ ಹೇಳಿಬಿಡು.

ಯಾಕೆ ಅಂದರೆ, ಹೋದ ವರ್ಷ ನನ್ನ ಅಕ್ಕನ ಮಗಳಿಗೆ ಹೀಗಾಯಿತು. ದೇವಸ್ಥಾನ ಯಾವುದು ಅಂತ ಹೇಳುವುದಿಲ್ಲ. ಒಂದೂವರೆ ತಾಸು ಸಾಲಿನಲ್ಲಿ ನಿಂತ ಮೇಲೆ ಬಾಗಿಲಲ್ಲಿ ತಡೆದರು. ಮುಕ್ಕಾಲು ಪ್ಯಾಂಟ್ ಅಂತ. ಹದಿನಾಲ್ಕು ವರ್ಷದ ಹುಡುಗಿ, ಎಲ್ಲರೆದುರು ಜೋರಾಗಿ ಹೇಳಿಸಿಕೊಂಡಳು. ಚಪ್ಪಲಿ ಇಡುವ ಕಟ್ಟೆಯ ಹತ್ತಿರ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಅಲ್ಲೇ ಬುಟ್ಟಿಯ ಹಿಂದೆ ಕೂತಿದ್ದ ಹೂ ಮಾರುವ ಅಮ್ಮ ಒಬ್ಬರು ಎದ್ದು ಬಂದು, ತಮ್ಮ ಚೀಲದಿಂದ ಮಡಿಸಿಟ್ಟ ಪಂಚೆ ತೆಗೆದು ಅವಳ ಸೊಂಟಕ್ಕೆ ಸುತ್ತಿ, ಪಿನ್ ಹಾಕಿ, ‘ಹೋಗು ಮಗಾ’ ಅಂದರು. ನಿಯಮದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬೋರ್ಡು ಸಾಲಿನ ಶುರುವಿನಲ್ಲಿ ಇರಬೇಕು, ಮಾತು ಮೆತ್ತಗಿರಬೇಕು.

ಅಂಗಿ ಯಾಕೆ ತೆಗೆಯಬೇಕು ಅಂತ ಕೇಳಿದ್ದೀಯ. ದೇವರ ಎದುರು ಬರಿಮೈಯಲ್ಲಿ ನಿಲ್ಲುವುದು ವಿನಯ ಅಂತ ಹಿರಿಯರು ಹೇಳುತ್ತಾರೆ. ಕೇರಳದ ಶಿವಗಿರಿ ಮಠದ ಸಚ್ಚಿದಾನಂದ ಸ್ವಾಮೀಜಿ 2024ರ ಡಿಸೆಂಬರ್‌ನಲ್ಲಿ ಬೇರೆಯೇ ಮಾತು ಹೇಳಿದರು. ಜನಿವಾರ ಇದೆಯಾ ಇಲ್ಲವಾ ಅಂತ ನೋಡಲು ಬಂದ ಪದ್ಧತಿ ಇದು, ಬಿಡಬೇಕು ಅಂದರು. ಅವರ ಮಾತಿನಲ್ಲಿ ತೂಕವಿದೆ ಅಂತ ನನಗನ್ನಿಸುತ್ತದೆ. ಆದರೂ ನಾನು ಹೋದಾಗ ಅಂಗಿ ತೆಗೆದೇ ಹೋಗುತ್ತೇನೆ. ಸೆಕೆಯಲ್ಲಿ ನಡೆದು ಬಂದು, ಕಲ್ಲಿನ ಗುಡಿಯ ತಂಪು ಬೆನ್ನಿಗೆ ತಾಗಿದಾಗ ಮನಸ್ಸು ತಾನಾಗೇ ಶಾಂತವಾಗುತ್ತದೆ. ಅಪ್ಪಾಜಿಗೂ ಆ ತಂಪು ಸಿಗಲಿ ಅಂತ ಆಸೆ.

ಮೊದಲು ನಮ್ಮ ಮನೆಗೇ ಬಾ. ಕೆಂಪು ಅಂಚಿನ ಶಲ್ಯವೊಂದನ್ನು ಅವರಿಗೇ ಅಂತ ತಂದಿದ್ದೇನೆ. ಎರಡು ಸಲ ಒಗೆದಾಗಿದೆ, ಗಂಜಿಯೆಲ್ಲ ಹೋಗಿದೆ.

ಇಂತಿ ನಿನ್ನ ಗೆಳೆಯ